ಮಸೀದಿಯ ವೆಬ್‌ಸೈಟಿನಲ್ಲಿ ವೀಡಿಯೋ: ಇದೂ ಒಂದು ಅಮಾನತ್

ಇಂದು ನಮ್ಮ ನಾಡಿನ ಅನೇಕ ಮಸೀದಿಗಳು, ಮದ್ರಸಗಳು ಮತ್ತು ಜಮಾಅತ್‌ಗಳು ತಮ್ಮದೇ ಆದ ವೆಬ್‌ಸೈಟ್ ಹೊಂದಿವೆ. ನಮಾಝಿನ ವೇಳಾಪಟ್ಟಿ, ಝಕಾತ್ ನಿಧಿಯ ವಿವರ, ಮದ್ರಸ ಪ್ರವೇಶದ ಅರ್ಜಿ ಇವುಗಳ ಜೊತೆಗೆ ಜುಮಾ ಖುತ್ಬಾ, ರಮಝಾನ್ ತರಗತಿ ಹಾಗೂ ಮಕ್ಕಳ ಕಿರಾಅತ್ ಕಾರ್ಯಕ್ರಮಗಳ ವೀಡಿಯೋಗಳೂ ಅಲ್ಲಿ ಸ್ಥಾನ ಪಡೆದಿವೆ. ಇದು ಸಂತೋಷದ ವಿಷಯವೇ ಸರಿ. ಹಾಸಿಗೆ ಹಿಡಿದ ವೃದ್ಧರಿಗೆ, ಕೈಗೂಸಿನ ತಾಯಿಗೆ, ದುಡಿಮೆಗಾಗಿ ಗಲ್ಫ್ ಸೇರಿದ ಮಗನಿಗೆ ತಮ್ಮ ಊರಿನ ಮಿಂಬರಿನ ಮಾತು ತಲುಪುತ್ತಿದೆ. ಉರ್ದು ಬಯಾನ್ ಅರ್ಥವಾಗದ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ದೀನಿನ ಮಾತು ಅವರದೇ ಭಾಷೆಯಲ್ಲಿ ಸಿಗುತ್ತಿದೆ.

ಆದರೆ ಆ ವೀಡಿಯೋ ಎಲ್ಲಿಂದ ಬರುತ್ತದೆ, ಅದರ ಹಿಂದೆ ಮುಂದೆ ಇನ್ನೇನು ಬರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಆಡಳಿತ ಸಮಿತಿಗಳು ಕೇಳುವುದು ವಿರಳ. ಕಂಪ್ಯೂಟರ್ ಬಲ್ಲ ಯುವಕನೊಬ್ಬ ಯೂಟ್ಯೂಬಿನಿಂದ ನಾಲ್ಕು ಸಾಲು ಕೋಡ್ ತಂದು ಅಂಟಿಸಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಮಸೀದಿಯ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಬೇಕಾದರೂ ಮುತವಲ್ಲಿಯವರ ಅನುಮತಿ ಬೇಕು. ಮಸೀದಿಯ ಹೆಸರು ಹೊತ್ತ ವೆಬ್‌ಸೈಟಿಗೆ ಮಾತ್ರ ಆ ಎಚ್ಚರ ಏಕೆ ಬೇಡ?

ವೆಬ್‌ಸೈಟಿನಲ್ಲಿ ವೀಡಿಯೋ ತೋರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಎಂಬೆಡ್ ಮಾಡುವುದು. ಇದರಲ್ಲಿ ವೀಡಿಯೋ ನಮ್ಮ ಬಳಿ ಇರುವುದೇ ಇಲ್ಲ. ನಮ್ಮ ಪುಟದಲ್ಲಿ ಒಂದು ಕಿಟಕಿಯನ್ನು ಮಾತ್ರ ಕೊರೆದಿರುತ್ತೇವೆ. ಕಿಟಕಿಯ ಆಚೆ ಇರುವುದು ಯೂಟ್ಯೂಬ್ ಅಥವಾ ಅಂತಹ ಬೇರೊಂದು ಕಂಪನಿಯ ಅಂಗಡಿ. ಎರಡನೆಯದು ಹೋಸ್ಟ್ ಮಾಡುವುದು. ಇದರಲ್ಲಿ ವೀಡಿಯೋ ಕಡತವನ್ನು ನಾವು ಬಾಡಿಗೆಗೆ ಪಡೆದ ಸರ್ವರಿನಲ್ಲೇ ಇಟ್ಟು ಅಲ್ಲಿಂದಲೇ ಜನರಿಗೆ ಕಳುಹಿಸುತ್ತೇವೆ. ಮೊದಲನೆಯದಕ್ಕೆ ಹಣ ಬೇಡ, ಎರಡನೆಯದಕ್ಕೆ ಹಣವೂ ಶ್ರಮವೂ ಬೇಕು. ಹೀಗಾಗಿ ಎಲ್ಲರೂ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ.

ಎಂಬೆಡ್ ಪದ್ಧತಿಯ ಉಪಕಾರವನ್ನು ನಿರಾಕರಿಸುವುದು ನ್ಯಾಯವಲ್ಲ. ನೋಡುಗನ ಇಂಟರ್‌ನೆಟ್ ವೇಗಕ್ಕೆ ತಕ್ಕಂತೆ ಚಿತ್ರದ ಗುಣಮಟ್ಟವನ್ನು ಏರಿಸಿ ಇಳಿಸುವ ವ್ಯವಸ್ಥೆ ಅದರಲ್ಲಿದೆ. ಸಾವಿರಾರು ಜನ ಏಕಕಾಲಕ್ಕೆ ನೋಡಿದರೂ ನಮ್ಮ ಸರ್ವರಿಗೆ ಭಾರವಾಗುವುದಿಲ್ಲ. ಆದರೆ ವ್ಯಾಪಾರಿಯೊಬ್ಬ ಉಚಿತವಾಗಿ ಕೊಡುವ ವಸ್ತುವಿನ ಬೆಲೆಯನ್ನು ಬೇರೆ ಯಾರೋ ತೆರುತ್ತಿರುತ್ತಾರೆ. ಇಲ್ಲಿ ಅದನ್ನು ತೆರುವವರು ನಮ್ಮ ಪುಟಕ್ಕೆ ಬಂದ ಅತಿಥಿಗಳು.

2020ರ ನವೆಂಬರ್‌ನಲ್ಲಿ ಯೂಟ್ಯೂಬ್ ತನ್ನ ನಿಯಮಾವಳಿಯನ್ನು ಬದಲಿಸಿತು. ಹಣ ಗಳಿಸುವ ಒಪ್ಪಂದ ಮಾಡಿಕೊಳ್ಳದ ಚಾನೆಲ್‌ಗಳ ವೀಡಿಯೋಗಳ ಮೇಲೂ ಜಾಹೀರಾತು ತೋರಿಸುವ ಹಕ್ಕನ್ನು ಅದು ತಾನೇ ಪಡೆದುಕೊಂಡಿತು. ಮೊದಲು ಅಮೆರಿಕದಲ್ಲಿ ಜಾರಿಯಾದ ಈ ನಿಯಮ 2021ರ ಮಧ್ಯಭಾಗದಿಂದ ಇತರ ದೇಶಗಳಿಗೂ ಅನ್ವಯಿಸಿತು. ಅಂದರೆ ‘ನಾವು ಜಾಹೀರಾತಿನ ಹಣ ಪಡೆಯುತ್ತಿಲ್ಲ, ಆದ್ದರಿಂದ ನಮ್ಮ ವೀಡಿಯೋದಲ್ಲಿ ಜಾಹೀರಾತು ಬರುವುದಿಲ್ಲ’ ಎಂಬ ನಂಬಿಕೆಗೆ ಈಗ ಆಧಾರವಿಲ್ಲ. ಯಾವ ಜಾಹೀರಾತು ಬರುತ್ತದೆ ಎಂಬುದನ್ನು ನಿರ್ಧರಿಸುವುದು ನಮ್ಮ ಸಮಿತಿಯಲ್ಲ, ಕಂಪನಿಯ ಯಂತ್ರ. ಬಡ್ಡಿಯ ಹರಾಮ್ ಬಗ್ಗೆ ಉಸ್ತಾದರು ಮಾತನಾಡುವ ವೀಡಿಯೋಗೆ ಮೊದಲು ಐದೇ ನಿಮಿಷದಲ್ಲಿ ಸಾಲ ಕೊಡುವ ಆ್ಯಪಿನ ಜಾಹೀರಾತು ಬರಬಹುದು. ಹಯಾ, ಲಜ್ಜೆಯ ಪಾಠದ ನಡುವೆ ಸಿನಿಮಾ ನೃತ್ಯದ ತುಣುಕು ಬರಬಹುದು. ಅದು ತೆರೆದುಕೊಳ್ಳುವುದು ಮಸೀದಿಯ ಹೆಸರು, ಮಿನಾರಗಳ ಚಿತ್ರ ಇರುವ ಪುಟದಲ್ಲಿ.

ಪಾಠ ಮುಗಿದ ಮೇಲೆ ಇನ್ನೊಂದು ಸಮಸ್ಯೆ. ಹಿಂದೆ ಕೋಡಿನಲ್ಲಿ ಒಂದು ಸಣ್ಣ ಸೂಚನೆ ಸೇರಿಸಿ, ಕೊನೆಯಲ್ಲಿ ಬರುವ ಶಿಫಾರಸು ವೀಡಿಯೋಗಳನ್ನು ಪೂರ್ತಿಯಾಗಿ ತಡೆಯಬಹುದಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಅದನ್ನೂ ಬದಲಿಸಿತು. ಈಗ ಆ ಸೂಚನೆ ಕೊಟ್ಟರೆ ಶಿಫಾರಸುಗಳು ನಿಲ್ಲುವುದಿಲ್ಲ. ಅದೇ ಚಾನೆಲ್‌ನ ಇತರ ವೀಡಿಯೋಗಳು ಕಾಣಿಸುತ್ತವೆ. ಸೂಚನೆ ಕೊಡದಿದ್ದರೆ ಏನು ಬೇಕಾದರೂ ಕಾಣಿಸಬಹುದು. ಕುರ್‌ಆನ್ ಪಾಠ ಕೇಳಲು ಕುಳಿತ ಹತ್ತು ವರ್ಷದ ಬಾಲಕ ಮೂರು ಬಾರಿ ಬೆರಳೊತ್ತಿದರೆ ಎಲ್ಲಿ ತಲುಪುತ್ತಾನೆ ಎಂಬುದನ್ನು ಹೆತ್ತವರೆಲ್ಲರೂ ಬಲ್ಲರು. ಆ ಬಾಗಿಲಿನವರೆಗೆ ಅವನನ್ನು ಕರೆದೊಯ್ದದ್ದು ನಮ್ಮ ಮದ್ರಸದ ಪುಟ ಎಂಬುದನ್ನು ಮರೆಯಬಾರದು.

ಎಂಬೆಡ್ ಮಾಡುವುದು ಹರಾಮ್ ಎಂದು ನಾನು ಫತ್ವಾ ನೀಡುತ್ತಿಲ್ಲ. ಅದು ನನ್ನ ಅಧಿಕಾರವೂ ಅಲ್ಲ, ಉದ್ದೇಶವೂ ಅಲ್ಲ. ಆದರೆ ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ಇವೆರಡರ ನಡುವಿನ ಸಂಶಯಾಸ್ಪದ ವಿಷಯಗಳಿಂದ ದೂರ ಉಳಿದವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಬಡ್ಡಿಯ ವಿಷಯದಲ್ಲಂತೂ ತಿನ್ನುವವನನ್ನು ಮಾತ್ರವಲ್ಲ, ಬರೆಯುವವನನ್ನೂ ಸಾಕ್ಷಿ ನಿಲ್ಲುವವನನ್ನೂ ಅವರು ಎಚ್ಚರಿಸಿದ್ದಾರೆ. ನಮ್ಮ ಪುಟದಲ್ಲಿ ಜಾಹೀರಾತಿಗೆ ಜಾಗ ಕೊಟ್ಟವನು ಅವರೊಂದಿಗೆ ಸಮಾನನೆಂದು ನಾನು ಹೇಳುವುದಿಲ್ಲ. ತಪ್ಪಿಸಲು ದಾರಿ ಇರುವಾಗಲೂ ಅದನ್ನು ಹುಡುಕದಿರುವುದು ಉದಾಸೀನ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ದಾರಿ ಯಾವುದು? ನನ್ನ ಅಭಿಪ್ರಾಯ ಸರಳ. ಇತರರ ವೀಡಿಯೋಗಳನ್ನು ಎಂಬೆಡ್ ಮಾಡೋಣ. ನಮ್ಮ ವೀಡಿಯೋಗಳನ್ನು ನಾವೇ ಇಟ್ಟುಕೊಳ್ಳೋಣ. ಈ ಎರಡರಲ್ಲೂ ನಮ್ಮ ಪರಂಪರೆಯ ಪಾಠವಿದೆ.

ಮೊದಲು ಇತರರ ವೀಡಿಯೋಗಳ ವಿಷಯ. ದೂರದ ಊರಿನ ವಿದ್ವಾಂಸರೊಬ್ಬರ ಭಾಷಣ ಇಷ್ಟವಾದೊಡನೆ ಅದನ್ನು ಡೌನ್‌ಲೋಡ್ ಮಾಡಿ, ಆರಂಭ ಅಂತ್ಯಗಳನ್ನು ಕತ್ತರಿಸಿ, ನಮ್ಮ ಸಂಸ್ಥೆಯ ಲಾಂಛನ ಅಂಟಿಸಿ ಮತ್ತೆ ಅಪ್‌ಲೋಡ್ ಮಾಡುವ ರೂಢಿ ಬೆಳೆದಿದೆ. ಇಸ್ಲಾಮಿ ವಿದ್ಯೆಯ ಬೆನ್ನೆಲುಬು ಸನದ್. ಒಂದು ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಧರ್ಮದ ಭಾಗವೆಂದೇ ಅಬ್ದುಲ್ಲಾ ಇಬ್ನುಲ್ ಮುಬಾರಕ್‌ರಂತಹ ಹಿರಿಯರು ಪರಿಗಣಿಸಿದ್ದರು. ಗುರುವಿನಿಂದ ಇಜಾಝತ್ ಪಡೆಯದೆ ಗ್ರಂಥವನ್ನು ಬೋಧಿಸಲು ವಿದ್ಯಾರ್ಥಿ ಹಿಂಜರಿಯುತ್ತಿದ್ದನು. ಎಂಬೆಡ್ ಮಾಡಿದಾಗ ಈ ಸರಪಳಿ ತುಂಡಾಗುವುದಿಲ್ಲ. ವೀಡಿಯೋ ಅದರ ಒಡೆಯನ ಬಳಿಯೇ ಇರುತ್ತದೆ, ಯಾರ ಚಾನೆಲ್ ಎಂಬುದು ಕಾಣುತ್ತದೆ. ತಪ್ಪು ತಿಳಿದು ಅವರು ಅದನ್ನು ತೆಗೆದುಹಾಕಿದರೆ ನಮ್ಮ ಪುಟದಿಂದಲೂ ಮರೆಯಾಗುತ್ತದೆ. ಕದ್ದು ಇಟ್ಟುಕೊಂಡ ಪ್ರತಿಯಾದರೋ ಅವರು ಹಿಂತೆಗೆದುಕೊಂಡ ಮಾತನ್ನೂ ಅವರ ಹೆಸರಿನಲ್ಲಿ ಹರಡುತ್ತಲೇ ಇರುತ್ತದೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯು ಸಾರ್ವಜನಿಕ ಭಾಷಣದ ಮೊದಲ ಒಡೆತನವನ್ನು ಭಾಷಣಕಾರನಿಗೇ ಕೊಡುತ್ತದೆ. ಉಪನ್ಯಾಸ ನೀಡುವವನನ್ನು ನಟ, ಗಾಯಕರ ಸಾಲಿನಲ್ಲಿ ಸೇರಿಸಿ ಅವನ ಹಕ್ಕುಗಳನ್ನು ಗುರುತಿಸುತ್ತದೆ. ಆದ್ದರಿಂದ ನಮ್ಮದೇ ಮಸೀದಿಗೆ ಅತಿಥಿಯಾಗಿ ಬಂದ ಉಸ್ತಾದರ ಮಾತನ್ನು ಚಿತ್ರೀಕರಿಸಿ ಹಾಕುವ ಮೊದಲೂ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳಿತು. ಇನ್ನೊಬ್ಬರ ಮನೆಗೆ ಸಲಾಮ್ ಹೇಳಿ ಅನುಮತಿ ಪಡೆದೇ ಪ್ರವೇಶಿಸಬೇಕೆಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನೂರ್ ಕಲಿಸುತ್ತದೆ. ಇನ್ನೊಬ್ಬರ ಶ್ರಮದ ಫಲವನ್ನು ಮುಟ್ಟುವಾಗ ಆ ಸಂಸ್ಕಾರ ನಮ್ಮಲ್ಲಿರಬೇಡವೇ?

ಇನ್ನು ನಮ್ಮ ಸ್ವಂತ ವೀಡಿಯೋಗಳು. ಎಷ್ಟೋ ಸಂಸ್ಥೆಗಳಿಗೆ ಯೂಟ್ಯೂಬ್ ಚಾನೆಲ್ಲೇ ಏಕೈಕ ಭಂಡಾರ. ಚಿತ್ರೀಕರಿಸಿದ ಮೊಬೈಲ್ ಹಳತಾಯಿತು, ಮೂಲ ಕಡತ ಅಳಿಯಿತು, ಉಳಿದದ್ದು ಚಾನೆಲ್‌ನಲ್ಲಿರುವುದು ಮಾತ್ರ. ಆ ಚಾನೆಲ್‌ನ ಪಾಸ್‌ವರ್ಡ್ ಊರು ಬಿಟ್ಟುಹೋದ ಯುವಕನ ಬಳಿ. ಕೃತಿಸ್ವಾಮ್ಯದ ದೂರಿನಿಂದ 90 ದಿನಗಳೊಳಗೆ ಮೂರು ಬಾರಿ ‘ಸ್ಟ್ರೈಕ್’ ಬಿದ್ದರೆ ಚಾನೆಲ್ ಮುಚ್ಚಿಹೋಗಬಹುದು. ಹಿನ್ನೆಲೆಯಲ್ಲಿ ಬಳಸಿದ ಯಾರದೋ ನಶೀದ್ ಕೂಡ ಅಂತಹ ದೂರಿಗೆ ಕಾರಣವಾಗಬಲ್ಲದು. ಅಂದು ನಮ್ಮ ಪುಟದ ಕಿಟಕಿಗಳೆಲ್ಲ ಒಂದೇ ಸಲ ಕಪ್ಪಾಗುತ್ತವೆ. ಅಗಲಿದ ಉಸ್ತಾದರ ಧ್ವನಿಯನ್ನು ಆಗ ಮರಳಿ ತರುವವರಾರು? ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬುದು ಸೂರಃ ಅನ್ನಿಸಾದ ಆದೇಶ. ಹಿರಿಯರ ಪಾಠ ಮುಂದಿನ ಪೀಳಿಗೆಯ ಹಕ್ಕು, ನಾವು ಅದರ ಕಾವಲುಗಾರರು. ಮೂಲ ಪ್ರತಿಯನ್ನು ಕನಿಷ್ಠ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಸ್ಥಳಗಳಲ್ಲಿ ಇಡುವುದು ಇದರ ಮೊದಲ ಹೆಜ್ಜೆ.

ಸ್ವತಃ ಹೋಸ್ಟ್ ಮಾಡಿದರೆ ಖರ್ಚು ತಾಳಲಾಗದು ಎಂಬ ಆಕ್ಷೇಪ ಸಹಜ. ಲೆಕ್ಕ ಹಾಕಿ ನೋಡೋಣ. 40 ನಿಮಿಷದ ಪಾಠವನ್ನು ಸೆಕೆಂಡಿಗೆ ಒಂದು ಮೆಗಾಬಿಟ್ ದರದಲ್ಲಿ ಉಳಿಸಿದರೆ ಸುಮಾರು 300 ಎಂಬಿ ಆಗುತ್ತದೆ. 200 ಜನ ಪೂರ್ತಿ ನೋಡಿದರೆ 60 ಜಿಬಿ. ಅಗ್ಗದ ಹೋಸ್ಟಿಂಗ್‌ಗೆ ಇದು ನಿಜಕ್ಕೂ ಭಾರವೇ. ಆದರೆ ಅದೇ ಪಾಠದ ಧ್ವನಿಯನ್ನು ಮಾತ್ರ 32 ಕಿಲೋಬಿಟ್ ದರದಲ್ಲಿ ಉಳಿಸಿದರೆ 10 ಎಂಬಿಗಿಂತಲೂ ಕಡಿಮೆ. 200 ಜನರಿಗೆ ಸುಮಾರು 2 ಜಿಬಿ. ಖುತ್ಬಾದಲ್ಲಿ ನೋಡುವುದಕ್ಕೇನಿದೆ, ಕೇಳುವುದಲ್ಲವೇ ಮುಖ್ಯ? ನಮ್ಮ ವಿದ್ಯೆ ಶತಮಾನಗಳ ಕಾಲ ಕಿವಿಯಿಂದ ಹೃದಯಕ್ಕೆ ಇಳಿದು ಬಂದದ್ದು. ವುಝೂ ಮಾಡುವ ಕ್ರಮ, ಮಯ್ಯಿತ್ ಸ್ನಾನದ ವಿಧಾನ, ಅರಬಿ ಅಕ್ಷರಗಳ ಉಚ್ಚಾರಕ್ಕೆ ತುಟಿ ನಾಲಿಗೆಗಳ ಸ್ಥಾನ, ಇಂತಹ ಕಣ್ಣಿಗೆ ಕಾಣಲೇಬೇಕಾದ ಪಾಠಗಳಿಗೆ ಐದು ಹತ್ತು ನಿಮಿಷದ ಚಿಕ್ಕ ವೀಡಿಯೋ ಸಾಕು. ಉಳಿದದ್ದು ಆಡಿಯೋ ಆಗಲಿ. ಡೇಟಾ ಪ್ಯಾಕ್ ಎಣಿಸಿ ಬಳಸುವ ಬಡ ಕುಟುಂಬಕ್ಕೂ ಅದರಿಂದ ಉಪಕಾರ.

ಇಷ್ಟೂ ಸಾಧ್ಯವಿಲ್ಲದ ಸಂಸ್ಥೆಗಳಿಗೆ ಮಧ್ಯದ ದಾರಿಗಳಿವೆ. 1996ರಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಆಡಿಯೋ, ವೀಡಿಯೋಗಳನ್ನು ಉಚಿತವಾಗಿ ಇಟ್ಟು, ಅಲ್ಲಿಂದ ಜಾಹೀರಾತಿಲ್ಲದೆ ಎಂಬೆಡ್ ಮಾಡಬಹುದು. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಸಂಸ್ಥೆ ಪೀರ್‌ಟ್ಯೂಬ್ ಎಂಬ ಮುಕ್ತ ತಂತ್ರಾಂಶವನ್ನು ಬೆಳೆಸಿದೆ. ಹತ್ತಾರು ಜಮಾಅತ್‌ಗಳು ಕೂಡಿ ಒಂದು ಸರ್ವರ್ ಬಾಡಿಗೆಗೆ ಪಡೆದರೆ ತಮ್ಮದೇ ವೀಡಿಯೋ ತಾಣವನ್ನು ನಡೆಸಬಹುದು. ಒಂದೊಂದು ಮಸೀದಿ ಪ್ರತ್ಯೇಕವಾಗಿ ಹೆಣಗುವುದಕ್ಕಿಂತ ಒಳಿತಿನ ಕಾರ್ಯದಲ್ಲಿ ಪರಸ್ಪರ ಸಹಕರಿಸುವುದೇ ನಮಗೆ ಕಲಿಸಲಾದ ಮಾರ್ಗ.

ತಾಂತ್ರಿಕ ಕೆಲಸ ನೋಡಿಕೊಳ್ಳುವ ಯುವಕರಿಗೆ ಕೆಲವು ಮಾತು. ಯೂಟ್ಯೂಬಿನಿಂದ ಎಂಬೆಡ್ ಮಾಡುವಾಗ ಅದರ ‘ನೋಕುಕೀ’ ವಿಳಾಸವನ್ನು ಬಳಸಿ. ಜಾಹೀರಾತು ನಿಲ್ಲದಿದ್ದರೂ ನೋಡುಗನ ಬೆನ್ನಟ್ಟುವಿಕೆ ಕಡಿಮೆಯಾಗುತ್ತದೆ. ಅದಕ್ಕಿಂತ ಉತ್ತಮವೆಂದರೆ ಪುಟದಲ್ಲಿ ಒಂದು ಸ್ಥಿರ ಚಿತ್ರವನ್ನು ಮಾತ್ರ ತೋರಿಸಿ, ಅದನ್ನು ಒತ್ತಿದ ಮೇಲಷ್ಟೇ ವೀಡಿಯೋ ತೆರೆದುಕೊಳ್ಳುವಂತೆ ಮಾಡುವುದು. ಒತ್ತುವ ಮೊದಲೇ ‘ಇದು ಯೂಟ್ಯೂಬಿನಿಂದ ಬರುತ್ತದೆ, ಜಾಹೀರಾತು ಇರಬಹುದು’ ಎಂದು ಬರೆದಿಡಿ. ಸ್ವತಃ ಹೋಸ್ಟ್ ಮಾಡುವ ವೀಡಿಯೋವನ್ನು ಎಂಪಿ4 ರೂಪದಲ್ಲಿ ಉಳಿಸಿ. ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಲ್ಲಿ ‘ವೆಬ್ ಆಪ್ಟಿಮೈಸ್ಡ್’ ಆಯ್ಕೆಯನ್ನು ಗುರುತಿಸಿದರೆ ಕಡತ ಪೂರ್ತಿ ಇಳಿಯುವವರೆಗೆ ಕಾಯದೆ ವೀಡಿಯೋ ಆರಂಭವಾಗುತ್ತದೆ. ಉರ್ದು ಅಥವಾ ಬ್ಯಾರಿ ಮಾತಿಗೆ ಕನ್ನಡ ಅಡಿಬರಹ ಸೇರಿಸಿ. ಕಿವಿ ಕೇಳದ ಸಹೋದರ ಸಹೋದರಿಯರಿಗೂ ಜ್ಞಾನದಲ್ಲಿ ಪಾಲಿದೆ.

ಮಕ್ಕಳ ವೀಡಿಯೋಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮೀಲಾದ್ ಅಥವಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಾಡಿದ ಬಾಲಕಿಯ ಮುಖ, ಹೆಸರು, ತರಗತಿ, ಊರು ಎಲ್ಲವನ್ನೂ ಲೋಕಕ್ಕೆ ತೆರೆದಿಡುವುದು ಪ್ರೋತ್ಸಾಹವಲ್ಲ. ‘ಅನ್‌ಲಿಸ್ಟೆಡ್’ ಎಂದು ಗುರುತಿಸಿದರೆ ಸುರಕ್ಷಿತ ಎಂಬುದೂ ಭ್ರಮೆ. ಕೊಂಡಿ ಸಿಕ್ಕಿದ ಯಾರಾದರೂ ಅದನ್ನು ನೋಡಬಹುದು, ಹಂಚಬಹುದು. 2019ರಲ್ಲಿ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 170 ದಶಲಕ್ಷ ಡಾಲರ್ ತೆರಬೇಕಾಯಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನು ಹೇಳುವ ಮೊದಲೇ ಇದು ನಮಗೆ ತಿಳಿದಿರಬೇಕಿತ್ತು. ಮದ್ರಸಕ್ಕೆ ಮಗುವನ್ನು ಕಳುಹಿಸುವ ತಾಯಿ ಅದರ ಮಾನವನ್ನೂ ನಮ್ಮ ಕೈಗೆ ಒಪ್ಪಿಸಿರುತ್ತಾಳೆ.

‘ಜನರಿರುವುದೇ ಯೂಟ್ಯೂಬಿನಲ್ಲಿ, ಅಲ್ಲಿಗೆ ಹೋಗದೆ ದಅವತ್ ಹೇಗೆ ಸಾಧ್ಯ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸಂತೆಗೆ ಹೋಗಿ ಸತ್ಯವನ್ನು ಸಾರುವುದು ಪ್ರವಾದಿಗಳ ಮಾರ್ಗವೇ ಆಗಿದೆ. ಚಾನೆಲ್ ಇರಲಿ, ಬೆಳೆಯಲಿ. ಆದರೆ ಸಂತೆಗೆ ಹೋಗಿ ಮಾತನಾಡುವುದು ಬೇರೆ, ಸಂತೆಯನ್ನೇ ಮಸೀದಿಯೊಳಗೆ ತಂದು ಕೂರಿಸುವುದು ಬೇರೆ. ಚಾನೆಲ್‌ನಲ್ಲಿ ನಮ್ಮ ಮಾತು ಕೇಳಿದವನು ನಮ್ಮ ಪುಟಕ್ಕೆ ಬಂದಾಗ ಅಲ್ಲಿ ಅವನಿಗೆ ಮಸೀದಿಯ ನೆಮ್ಮದಿ ಸಿಗಬೇಕು.

ಮಸೀದಿಗೆ ಕಾರ್ಪೆಟ್, ಫ್ಯಾನ್, ಧ್ವನಿವರ್ಧಕ ಕೊಡಿಸುವ ದಾನಿಗಳು ನಮ್ಮ ಸಮುದಾಯದಲ್ಲಿ ಎಂದೂ ಕಡಿಮೆಯಾಗಿಲ್ಲ. ಒಂದು ವರ್ಷದ ಸರ್ವರ್ ಬಾಡಿಗೆಯೂ ಸದಖಾ ಜಾರಿಯಾ ಎಂದು ಅವರಿಗೆ ತಿಳಿಸಿಕೊಡುವ ಹೊಣೆ ಉಲಮಾಗಳದ್ದು. ಬಾವಿ ತೋಡಿಸಿ ವಕ್ಫ್ ಮಾಡಿದವರು ನೀರು ಕಲುಷಿತವಾಗದಂತೆ ಕಟ್ಟೆಯನ್ನೂ ಕಟ್ಟಿಸಿದರು. ಜ್ಞಾನದ ಬಾವಿಗೂ ಕಟ್ಟೆ ಬೇಕು. ಮುಂದಿನ ಸಮಿತಿ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ವೆಬ್‌ಸೈಟಿನ ವೀಡಿಯೋ ಪಟ್ಟಿಯನ್ನೂ ಇಟ್ಟು, ಯಾವುದು ನಮ್ಮದು, ಯಾವುದು ಇತರರದ್ದು, ಯಾವುದಕ್ಕೆ ಒಪ್ಪಿಗೆ ಇದೆ, ಯಾವುದರ ಮೂಲ ಪ್ರತಿ ನಮ್ಮ ಬಳಿ ಇದೆ ಎಂದು ಪರಿಶೀಲಿಸಿದರೆ ಅಷ್ಟರಮಟ್ಟಿಗೆ ನಮ್ಮ ಹೊಣೆ ಹಗುರವಾದೀತು.

ನಮ್ಮ ಕೈಗೆ ಬಂದ ಪ್ರತಿಯೊಂದು ಅಮಾನತ್ತಿನ ಬಗ್ಗೆ ನಾಳೆ ಪ್ರಶ್ನಿಸಲಾಗುವುದು. ಅದಕ್ಕೆ ಉತ್ತರಿಸಬಲ್ಲವರಾಗಿ ಬಾಳಲು ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.