ಓಪನ್ ಫೈಲ್ ಯಾರ ಸ್ವತ್ತು?

ಪೇಟೆಬೀದಿ ಅಂಗಡಿಯವರಿಗೂ ಡಿಸೈನ್ ಮಾಡುವ ಹುಡುಗರಿಗೂ ನಡೆಯುವ ಜಗಳ ಒಂದೇ. ‘ದುಡ್ಡು ಪೂರಾ ಕೊಟ್ಟಿದ್ದೀನಿ, ಓಪನ್ ಫೈಲ್ ಕೊಡಪ್ಪಾ’ ಎನ್ನುತ್ತಾರೆ ಯಜಮಾನರು. ‘ಜೆಪೆಗ್ ಕಳಿಸಿದ್ದೀನಲ್ಲ ಸಾರ್, ಓಪನ್ ಫೈಲ್ ಕೊಡೋ ಪದ್ಧತಿ ಇಲ್ಲ’ ಎನ್ನುತ್ತಾನೆ ಹುಡುಗ.

ಇದೇನೆಂದು ಬಸ್ಸಿಗೆ ಕಾಯುತ್ತಿರುವವರಿಗೆ ಎರಡು ಮಾತು. ಕೋರಲ್‌ಡ್ರಾನಲ್ಲೋ ಫೋಟೋಶಾಪ್‌ನಲ್ಲೋ ಕೆಲಸ ಮಾಡುವಾಗ ಅಕ್ಷರ, ಚಿತ್ರ, ಬಣ್ಣ ಬಿಡಿಬಿಡಿಯಾಗಿರುತ್ತವೆ. ಬೇಕಾದ್ದನ್ನು ಎತ್ತಿ ಬದಲಿಸಬಹುದು. ಅದು ಓಪನ್ ಫೈಲ್. ಜೆಪೆಗ್ ಅಂದರೆ ಅದರ ಫೋಟೋ ಇದ್ದಂತೆ. ವಾಟ್ಸಾಪಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಹತ್ತಡಿ ಬೋರ್ಡಿಗೆ ಹಿಗ್ಗಿಸಿದರೆ ಅಕ್ಷರದ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.

2024ರಲ್ಲಿ ನಾಮಫಲಕದ ಮೇಲ್ಭಾಗದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ಕಾಯಿದೆ ತಿದ್ದುಪಡಿಯಾಯಿತಲ್ಲ, ಇದರ ಬಿಸಿ ತಟ್ಟಿದ್ದು ಆವಾಗ. ಓಪನ್ ಫೈಲ್ ಇದ್ದವರಿಗೆ ಅದು ಒಂದು ಗಂಟೆಯ ಕೆಲಸ. ಇಲ್ಲದವರು ಹಳೇ ಬೋರ್ಡಿನ ಫೋಟೋ ಹಿಡಿದು ಲೋಗೋವನ್ನು ಮತ್ತೆ ಬರೆಸಬೇಕು. ಅಕ್ಷರದ ತಿರುವು ಚೂರು ಬದಲಾದರೂ ಸಾಕು, ಹಳೇ ಗಿರಾಕಿ ‘ಅಂಗಡಿ ಕೈ ಬದಲಾಯ್ತಾ?’ ಅಂತ ಕೇಳುತ್ತಾನೆ.

ಹಾಗಂತ ಹುಡುಗನದೇ ತಪ್ಪೇ? ಒಮ್ಮೆ ಫೈಲ್ ಕೊಟ್ಟರೆ ಮುಂದಿನ ಕೆಲಸ ನೂರು ರೂಪಾಯಿ ಕಮ್ಮಿಗೆ ಪಕ್ಕದ ಡಿಟಿಪಿ ಸೆಂಟರಿಗೆ ಹೋಗುತ್ತದೆ ಅನ್ನುವುದು ಅವನ ಅಳುಕು. ಸುಳ್ಳೇನಲ್ಲ. ಅವನು ಕಾಸು ಕೊಟ್ಟು ತಂದ ಫಾಂಟಿನ ಪರವಾನಗಿ ಇರುವುದೂ ಅವನ ಹೆಸರಿಗೇ, ಅದನ್ನು ಊರಿಗೆಲ್ಲ ಹಂಚುವಂತಿಲ್ಲ.

ಜಗಳವೇನೋ ಹಳೆಯದೇ. ಮದುವೆ ಫೋಟೋದ ನೆಗೆಟಿವ್ ಸ್ಟುಡಿಯೋದ ಬೀರುವಿನಲ್ಲೇ ಉಳಿಯುತ್ತಿತ್ತು, ಲೆಟರ್‌ಹೆಡ್ಡಿನ ಬ್ಲಾಕು ಪ್ರೆಸ್ಸಿನಲ್ಲೇ. ತಮಾಷೆ ನೋಡಿ: 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಕಾಸು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ಸಂಬಳದ ನೌಕರ ಮಾಡಿದ್ದು ಮಾಲೀಕರದು. ಬಿಡಿಯಾಗಿ ಕೆಲಸ ಹಿಡಿಯುವವನ ಡಿಸೈನು ಮಾತ್ರ ಸಾಮಾನ್ಯವಾಗಿ ಅವನದೇ. ಹಕ್ಕು ನಿಮಗೆ ಬರಬೇಕಾದರೆ ಬರವಣಿಗೆ ಬೇಕು, ಅವನ ಸಹಿ ಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ! ಎಷ್ಟು ಜನ ಯಜಮಾನರು ಲೋಗೋಗೆ ಸಹಿ ಹಾಕಿಸಿಕೊಂಡಿದ್ದಾರೋ ಅವರೇ ಹೇಳಬೇಕು.

ನನ್ನ ಮಟ್ಟಿಗೆ ಅಂಗಡಿ ಹೆಸರು, ಲೋಗೋ, ಬೋರ್ಡು, ಇವಿಷ್ಟರ ಫೈಲನ್ನು ಬಾಕಿ ಚುಕ್ತಾ ಆದ ದಿನವೇ ಕೊಟ್ಟುಬಿಡಬೇಕು. ಅದು ಅಂಗಡಿಯ ಮುಖ. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅಂಗಡಿಯವರು ಎಲ್ಲಿ ಹುಡುಕಬೇಕು? ದೀಪಾವಳಿ ಪಾಂಪ್ಲೆಟ್ಟು, ಮೆನು ಕಾರ್ಡು, ಪೋಸ್ಟರಿನ ಮಾತು ಬೇರೆ. ಅವುಗಳ ಓಪನ್ ಫೈಲ್ ಬೇಕೆಂದರೆ ಪ್ರತ್ಯೇಕ ರೇಟು ಕೇಳಲಿ, ಕೇಳುವುದನ್ನು ಅಡ್ವಾನ್ಸ್ ಹಿಡಿಯುವಾಗಲೇ ಕೇಳಿ ಬಿಲ್ಲಿನಲ್ಲಿ ಬರೆಯಲಿ. ಕೆಲಸ ಮುಗಿದ ಮೇಲೆ ‘ಇನ್ನೆರಡು ಸಾವಿರ ಕೊಟ್ಟರೆ ಫೈಲು’ ಅನ್ನುವುದು ವ್ಯಾಪಾರವಲ್ಲ. ಐನೂರು ಅಡ್ವಾನ್ಸ್ ಕೊಟ್ಟು, ಬಾಕಿ ಉಳಿಸಿಕೊಂಡು, ಫೈಲು ಮೊದಲು ಕಳಿಸು ಅನ್ನುವ ಯಜಮಾನರೂ ಕಮ್ಮಿಯಿಲ್ಲ ಬಿಡಿ.

ಫೈಲ್ ಇಸಕೊಳ್ಳುವವರು ನೋಡಿಕೊಂಡು ಇಸಕೊಳ್ಳಿ. ಹೊಸ ಕೋರಲ್‌ನಲ್ಲಿ ಉಳಿಸಿದ ಫೈಲು ಹಳೇ ಕೋರಲ್‌ನಲ್ಲಿ ತೆರೆಯುವುದಿಲ್ಲ. ಹಳೇ ವರ್ಷನ್ನಿನಲ್ಲೂ ಒಂದು ಉಳಿಸಿಕೊಡು ಅನ್ನಿ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅದಕ್ಕೆ ಫಾಂಟಿನ ಹೆಸರು ಬರೆಸಿಕೊಳ್ಳಿ, ಅಕ್ಷರಗಳನ್ನು ಕರ್ವ್ ಮಾಡಿದ ಪಿಡಿಎಫ್ ಒಂದನ್ನೂ ಕೇಳಿ. ಕರ್ವ್ ಮಾಡಿದ್ದರಲ್ಲಿ ಕಾಗುಣಿತ ತಿದ್ದಲು ಬರುವುದಿಲ್ಲ, ಆದರೆ ಬೋರ್ಡು ಕೆಡುವುದಿಲ್ಲ. ಎಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಸಿ, ಮಗಳ ಇಮೇಲಿಗೂ ಒಂದು ಕಳಿಸಿಡಿ. ಪೆನ್‌ಡ್ರೈವನ್ನು ಮಾತ್ರ ಗಲ್ಲಾಪೆಟ್ಟಿಗೆಯ ಚಿಲ್ಲರೆ ಜತೆ ಹಾಕಬೇಡಿ ಸ್ವಾಮಿ.