ತೂಕ ಗೊತ್ತಿದ್ದವರ ಹೊಣೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಜಿಲ್ಲೆಗಳ ರಸ್ತೆಗಳಲ್ಲಿ ಏನು ಸಂಭವಿಸುತ್ತದೆ ಎಂಬುದನ್ನು ಓದುಗರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಟೈರು ಸಿಡಿದು ಮಗುಚಿಬಿದ್ದ ಟ್ರೇಲರು, ಹೇರಿನಡಿ ಸಿಲುಕಿದ ಕೂಲಿಗಳು, ಪಂಕ್ಚರಾಗಿ ಕತ್ತಲಲ್ಲಿ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಅಪ್ಪಳಿಸಿದ ಬೈಕು: ಇವೆಲ್ಲ ಪ್ರತಿ ಚಳಿಗಾಲದ ಪರಿಚಿತ ಸುದ್ದಿಗಳು. ಪ್ರಕರಣ ಸಾಮಾನ್ಯವಾಗಿ ದಾಖಲಾಗುವುದು ಚಾಲಕನ ಮೇಲೆ, ಅದೂ ಅಜಾಗರೂಕ ಚಾಲನೆಯ ಆರೋಪದಡಿ. ಆದರೆ ಆ ಟೈರನ್ನು ಕೊಂಡವನು ಅವನಲ್ಲ, ಹೇರಿನ ಪ್ರಮಾಣವನ್ನು ನಿಶ್ಚಯಿಸಿದವನೂ ಅವನಲ್ಲ. ಹೊಣೆಯ ಸರಪಳಿಯಲ್ಲಿ ಅತ್ಯಂತ ದುರ್ಬಲನಾದವನನ್ನು ಹಿಡಿದು ಕಡತ ಮುಚ್ಚುವ ಈ ಪರಿಪಾಠವನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ಟೈರು ಸಿಡಿಯುವುದನ್ನು ಆಕಸ್ಮಿಕವೆಂದು ಕರೆಯುವ ರೂಢಿಯನ್ನೇ ಮೊದಲು ಪ್ರಶ್ನಿಸಬೇಕಿದೆ. ಟ್ರೇಲರಿನ ಭಾರವನ್ನು ಬಹುಪಾಲು ಹೊರುವುದು ಟೈರಿನೊಳಗಿನ ಗಾಳಿ. ಗಾಳಿಯ ಒತ್ತಡ ತಗ್ಗಿದಾಗ ಇಲ್ಲವೇ ಭಾರ ಮಿತಿ ಮೀರಿದಾಗ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಅಳತೆ ಮೀರಿ ಬಾಗುತ್ತದೆ; ಬಾಗಿದಷ್ಟೂ ಕಾಯುತ್ತದೆ; ಕಾದಷ್ಟೂ ಒಳಗಿನ ನೈಲಾನ್ ಪದರಗಳ ಹಿಡಿತ ಸಡಿಲವಾಗುತ್ತದೆ. ಹೊಲದಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಒಂದು ಕ್ಷಣದಲ್ಲಿ ಕೇಳಿಬರುವ ಆ ಸದ್ದಿನ ಹಿಂದೆ ಎಷ್ಟೋ ಟ್ರಿಪ್ಪುಗಳ ಸವೆತವಿರುತ್ತದೆ. ಒಂದೇ ಅಚ್ಚಿನ ಟ್ರೇಲರಿನಲ್ಲಿ ಒಂದು ಬದಿಯ ಟೈರು ಹೋಯಿತೆಂದರೆ, ಅಂಚಿಗಿಂತ ಆಳೆತ್ತರ ಮೇಲಕ್ಕೆ ಪೇರಿಸಿದ ಕಬ್ಬು ಇಡಿಯಾಗಿ ಆ ಬದಿಗೆ ವಾಲುತ್ತದೆ. ಎರಡು ಅಚ್ಚುಗಳನ್ನು ಒತ್ತೊತ್ತಾಗಿ ಕೂರಿಸಿದ ಟ್ರೇಲರಿನ ಕಷ್ಟ ಬೇರೆ: ಪ್ರತಿ ತಿರುವಿನಲ್ಲೂ ಅದರ ಟೈರುಗಳು ರಸ್ತೆಯ ಮೇಲೆ ಅಡ್ಡಡ್ಡ ಉಜ್ಜುತ್ತ, ಪಕ್ಕೆಯ ಮೇಲಿನ ಒತ್ತಡವನ್ನು ಇಮ್ಮಡಿಸಿಕೊಳ್ಳುತ್ತವೆ. ಇಂತಹ ಎರಡು ಟ್ರೇಲರುಗಳನ್ನು ಒಂದರ ಹಿಂದೊಂದು ಕೊಂಡಿ ಹಾಕಿ ಒಂದೇ ಟ್ರ್ಯಾಕ್ಟರು ಎಳೆಯುವಾಗ, ಹಿಂದಿನದಕ್ಕೆ ಸ್ವಂತ ಬ್ರೇಕು ಕೂಡ ಇಲ್ಲದಿರುವುದು ಅಪರೂಪವೇನಲ್ಲ.

ಟೈರು ತಾನೆಷ್ಟು ಹೊರಬಲ್ಲೆ ಎಂಬುದನ್ನು ತನ್ನ ಪಕ್ಕೆಯ ಮೇಲೆಯೇ ಬರೆದುಕೊಂಡಿರುತ್ತದೆ. ಭಾರಸೂಚಿ 100 ಎಂದಿದ್ದರೆ ಅದರ ಗರಿಷ್ಠ ಸಾಮರ್ಥ್ಯ 800 ಕಿಲೋ. 121 ಎಂದಿದ್ದರೆ 1,450 ಕಿಲೋ. ಅದರ ಪಕ್ಕದ ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ. ತಯಾರಾದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳು ಸಾರುತ್ತವೆ: 2518 ಎಂದರೆ 2018ರ ಇಪ್ಪತ್ತೈದನೆಯ ವಾರ. ಟ್ರೇಲರಿಗೆ ಟೈರು ಆರಿಸುವಾಗ ಈ ಮೂರನ್ನು ಓದುವುದಕ್ಕೆ ತಂತ್ರಜ್ಞಾನದ ಪದವಿ ಬೇಕಾಗಿಲ್ಲ. ಆದರೆ ನಮ್ಮ ಹಂಗಾಮಿನ ವ್ಯವಹಾರದಲ್ಲಿ ಟೈರು ಆರಿಸುವಾಗ ಕಣ್ಣು ಹೋಗುವುದು ಬಟನ್ (ಟ್ರೆಡ್) ಎಷ್ಟು ಉಳಿದಿದೆ ಎಂಬುದರ ಮೇಲೆ ಮಾತ್ರ.

ಟ್ರೇಲರಿನ ವಿಷಯದಲ್ಲಿ ಬಟನ್ನಿನಷ್ಟು ಮೋಸಗೊಳಿಸುವ ಸಾಕ್ಷಿ ಮತ್ತೊಂದಿಲ್ಲ. ಲಾರಿ ವರ್ಷವಿಡೀ ಓಡಿ ಟೈರನ್ನು ಸವೆಸುತ್ತದೆ; ಕಬ್ಬಿನ ಟ್ರೇಲರು ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಹೊಲದ ಬದುವಿನಲ್ಲಿ, ಉತ್ತರ ಕರ್ನಾಟಕದ ಬೇಸಿಗೆ ಬಿಸಿಲಿನಲ್ಲಿ, ಗಾಳಿ ಇಳಿದ ಟೈರುಗಳ ಮೇಲೆ ನಿಂತಿರುತ್ತದೆ. ರಬ್ಬರು ದೂರದಿಂದಷ್ಟೇ ಸವೆಯುವುದಿಲ್ಲ, ಕಾಲದಿಂದಲೂ ಕೆಡುತ್ತದೆ. ಬಿಸಿಲು ಮತ್ತು ಓಝೋನ್ ಅದನ್ನು ಪೆಡಸುಗೊಳಿಸಿ ಪಕ್ಕೆಯಲ್ಲಿ ಸಣ್ಣ ಬಿರುಕುಗಳನ್ನು ಮೂಡಿಸುತ್ತವೆ. ಮುಂದಿನ ಹಂಗಾಮಿನಲ್ಲಿ ಅದೇ ಟೈರಿಗೆ ಗಾಳಿ ತುಂಬಿ, ಬಟನ್ ಚೆನ್ನಾಗಿದೆಯೆಂದು ಸಮಾಧಾನಪಟ್ಟುಕೊಂಡು, ಹೇರು ಏರಿಸಲಾಗುತ್ತದೆ. ಬದಲಿಸಲೇಬೇಕಾದ ಸಂದರ್ಭ ಬಂದಾಗಲೂ ಕೊಳ್ಳುವುದು ಲಾರಿಯಿಂದ ಕಳಚಿದ ಹಳೆಯ ಟೈರನ್ನು. ಕಾರ್ಖಾನೆಯ ಅಂಗಳದ ಸರತಿಯಲ್ಲಿ ಅಂತಹ ಟೈರುಗಳೇ ಪೂರ್ಣ ಭಾರವನ್ನು ಹೊತ್ತು ಹಗಲೂ ರಾತ್ರಿಯೂ ನಿಲ್ಲುತ್ತವೆ.

ರೀಟ್ರೆಡ್ ಮಾಡಿದ ಟೈರನ್ನೆಲ್ಲ ದೂಷಿಸುವುದು ನಮ್ಮ ಉದ್ದೇಶವಲ್ಲ. ವಿಮಾನಗಳು ಕೂಡ ರೀಟ್ರೆಡ್ ಟೈರುಗಳ ಮೇಲೆ ಇಳಿಯುತ್ತವೆ. ಅಲ್ಲಿ ಟೈರಿನ ಕವಚವನ್ನು ಪರೀಕ್ಷಿಸಿ, ಯೋಗ್ಯವಾದುದಕ್ಕೆ ಮಾತ್ರ ಹೊಸ ಮೇಲ್ಪದರ ಕೂರಿಸುತ್ತಾರೆ; ಇಲ್ಲಿ ಅಯೋಗ್ಯವೆಂದು ಬಿಸಾಡಬೇಕಾದುದಕ್ಕೂ ಹೊಸ ಬಟನ್ ಹೊದಿಸಿ ಅದರ ವಯಸ್ಸನ್ನು ಮರೆಮಾಚಲಾಗುತ್ತದೆ.

ಕಾನೂನಿಗೆ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮವು ಟೈರು ಸುಸ್ಥಿತಿಯಲ್ಲಿರಬೇಕೆಂದು ವಿಧಿಸುತ್ತದೆ, ಬಟನ್ನಿನ ಆಳಕ್ಕೆ 1.6 ಮಿಲಿಮೀಟರಿನ ಕನಿಷ್ಠ ಮಿತಿಯನ್ನೂ ಹಾಕುತ್ತದೆ. ಮೋಟಾರು ವಾಹನ ಕಾಯ್ದೆಯ 113ನೆಯ ಸೆಕ್ಷನ್ ನೋಂದಣಿ ಪತ್ರದಲ್ಲಿ ನಮೂದಾದ ತೂಕವನ್ನು ಮೀರಿ ವಾಹನವನ್ನಾಗಲಿ ಟ್ರೇಲರನ್ನಾಗಲಿ ಓಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ 194ನೆಯ ಸೆಕ್ಷನ್ ಅಡಿ ಇದಕ್ಕೆ 20,000 ರೂಪಾಯಿ ದಂಡವಿದ್ದು, ಮೀರಿದ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ತೆರಬೇಕಾಗುತ್ತದೆ. ಹೆಚ್ಚುವರಿ ಭಾರವನ್ನು ಇಳಿಸುವವರೆಗೆ ವಾಹನ ಮುಂದೆ ಹೋಗುವಂತಿಲ್ಲ. ಈ ಸೆಕ್ಷನ್‌ಗಳು ಓಡಿಸಿದವನನ್ನಷ್ಟೇ ಹಿಡಿಯುವುದಿಲ್ಲ. ಓಡಿಸುವಂತೆ ಮಾಡಿದವರನ್ನೂ ಓಡಿಸಲು ಬಿಟ್ಟವರನ್ನೂ ಸಮಾನವಾಗಿ ಹೊಣೆಗಾರರನ್ನಾಗಿಸುತ್ತವೆ. ಇನ್ನೊಂದೆಡೆ, ಕೃಷಿ ಬಳಕೆಗೆಂದು ನೋಂದಣಿಯಾದ ಟ್ರ್ಯಾಕ್ಟರು ಮತ್ತು ಟ್ರೇಲರಿಗೆ ಲಾರಿಗಳಿಗಿರುವಂತಹ ನಿಯತಕಾಲಿಕ ಅರ್ಹತಾ ಪರೀಕ್ಷೆಯ ಕಟ್ಟುಪಾಡು ಇಲ್ಲ. ರೈತನ ಅನುಕೂಲಕ್ಕೆಂದು ನೀಡಿದ ಆ ರಿಯಾಯಿತಿಯ ನೆರಳಿನಲ್ಲಿ ಹಂಗಾಮಿನುದ್ದಕ್ಕೂ ಬಾಡಿಗೆಯ ಸಾಗಣೆ ನಡೆಯುತ್ತಿದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ವೇಗವಾಗಿ ಸಾಗುವ ಕಾರುಗಳಿಗೆ ಅದರಿಂದ ರಕ್ಷಣೆ ದೊರೆತಿರಬಹುದು. ಸರ್ವೀಸ್ ರಸ್ತೆಯಲ್ಲಿ ಅದೇ ಹೇರಿನ ಬದಿಯಲ್ಲಿ ಸೈಕಲ್ ತುಳಿಯುವ ಶಾಲೆಯ ಮಕ್ಕಳಿಗೆ ದೊರೆತಿಲ್ಲ.

ಹಾಗಾದರೆ ಮಿತಿ ಮೀರಿದ ಭಾರ ಯಾರ ಗಮನಕ್ಕೂ ಬರುತ್ತಿಲ್ಲವೆ? ನಿಜಾಂಶವೆಂದರೆ, ಕಬ್ಬಿನಷ್ಟು ಕರಾರುವಾಕ್ಕಾಗಿ ತೂಗಲ್ಪಡುವ ಸರಕು ಈ ರಾಜ್ಯದ ರಸ್ತೆಗಳಲ್ಲಿ ಮತ್ತೊಂದಿರಲಾರದು. ಪ್ರತಿಯೊಂದು ಹೇರೂ ಕಾರ್ಖಾನೆಯ ತೂಕದ ಸೇತುವೆಯನ್ನು ಹಾದೇ ಒಳಗೆ ಹೋಗುತ್ತದೆ. ವಾಹನದ ಸಂಖ್ಯೆ, ದಿನಾಂಕ, ವೇಳೆ, ತೂಕ ಎಲ್ಲವೂ ಚೀಟಿಯಲ್ಲಿ ಮುದ್ರಿತವಾಗುತ್ತವೆ. ಅದರ ಆಧಾರದಲ್ಲೇ ರೈತನ ಬಿಲ್ಲು, ಸಾಗಣೆಯ ಬಾಡಿಗೆ ಪಾವತಿಯಾಗುತ್ತವೆ. ಅಂದರೆ ಕಾನೂನು ಉಲ್ಲಂಘನೆಯ ಲಿಖಿತ ದಾಖಲೆಯನ್ನು ಪ್ರತಿದಿನ ಸಿದ್ಧಪಡಿಸಿ, ಆ ದಾಖಲೆಯ ಮೇಲೆಯೇ ಹಣ ನೀಡುವ ವ್ಯವಸ್ಥೆಯೊಂದು ವರ್ಷಗಳಿಂದ ನಡೆದುಬಂದಿದೆ. ತೂಕದಲ್ಲಿ ಮೋಸವಾಗುತ್ತಿದೆಯೆಂದು ರೈತರು ದೂರಿದಾಗ ಅಧಿಕಾರಿಗಳು ಆ ಯಂತ್ರಗಳನ್ನು ಪರಿಶೀಲಿಸಿದ್ದಾರೆ. ಅದೇ ಯಂತ್ರ ತೋರಿಸುವ ಅಂಕಿಯನ್ನು ನೋಂದಣಿ ಪತ್ರದ ಅಂಕಿಯೊಡನೆ ಹೋಲಿಸಿ ನೋಡುವುದು ಮಾತ್ರ ಯಾರ ಕರ್ತವ್ಯವೂ ಆಗಿಲ್ಲ.

ವಾಹನ ತಮ್ಮದಲ್ಲ, ಗುತ್ತಿಗೆದಾರನದು ಎಂಬುದು ಕಾರ್ಖಾನೆಗಳ ಸಮರ್ಥನೆ. ಕಡಿತಕ್ಕೂ ಸಾಗಣೆಗೂ ಹಂಗಾಮಿಗೆ ಮೊದಲೇ ಮುಂಗಡ ಕೊಡುವವರು ಯಾರು, ಟನ್ನಿನ ಲೆಕ್ಕದಲ್ಲಿ ಬಾಡಿಗೆ ನಿಗದಿ ಮಾಡುವವರು ಯಾರು ಎಂದು ಕೇಳಿದರೆ ಆ ಸಮರ್ಥನೆ ನಿಲ್ಲುವುದಿಲ್ಲ. ಹೇರು ಇಳಿಸಿದರೆ ಟ್ರಿಪ್ಪು ಹೆಚ್ಚುತ್ತದೆ, ಆ ವೆಚ್ಚ ಅಂತಿಮವಾಗಿ ರೈತನ ಬಿಲ್ಲಿನಲ್ಲೇ ಕಡಿತವಾಗುತ್ತದೆ ಎಂಬ ವಾದಕ್ಕೆ ಹೆಚ್ಚಿನ ತೂಕವಿದೆ. ಕಡಿದ ಕಬ್ಬು ಒಣಗಿದಷ್ಟೂ ರೈತನಿಗೆ ನಷ್ಟವೆಂಬುದೂ ಸುಳ್ಳಲ್ಲ. ಆದರೆ ಸುರಕ್ಷಿತ ಸಾಗಣೆಯ ವೆಚ್ಚವನ್ನು ಯಾರು ಭರಿಸಬೇಕೆಂಬುದು ದರ ನಿಗದಿಯ ಮಾತುಕತೆಯ ಮೇಜಿನ ಮೇಲೆ ಇತ್ಯರ್ಥವಾಗಬೇಕಾದ ಪ್ರಶ್ನೆ. ಅದನ್ನು ಅಲ್ಲಿ ಎತ್ತದೆ, ಇಪ್ಪತ್ತರ ಹರೆಯದ ಚಾಲಕನೂ ಹೇರಿನ ಮೇಲೆ ಕುಳಿತು ಊರಿಗೆ ಮರಳುವ ಕೂಲಿಯೂ ತಮ್ಮ ಜೀವದಿಂದ ತೆರುವಂತೆ ಬಿಡುವುದು ಮಿತವ್ಯಯ ಎನಿಸಿಕೊಳ್ಳಲಾರದು.

ಆದ್ದರಿಂದ ಮೊದಲ ಹೊಣೆ ಕಾರ್ಖಾನೆಯದು, ಎರಡನೆಯದು ಸಾರಿಗೆ ಇಲಾಖೆಯದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಟ್ರೇಲರಿನ ಮಾಲೀಕ ಈ ಹೊಣೆಯಿಂದ ಮುಕ್ತನೇನಲ್ಲ, ಆದರೆ ಅವನ ಸ್ಥಾನ ಇವರಿಬ್ಬರ ನಂತರದ್ದು. ಮುಂಗಡದ ಕರಾರಿನಲ್ಲೇ ಟೈರಿನ ವಯಸ್ಸು, ಭಾರಸೂಚಿ, ಸ್ಥಿತಿಗಳ ಷರತ್ತು ಸೇರಬೇಕು. ಹಂಗಾಮಿಗೆ ಮುನ್ನ ಕಾರ್ಖಾನೆಯ ಅಂಗಳದಲ್ಲೇ ಪ್ರತಿ ಟ್ರೇಲರಿನ ತಪಾಸಣೆ ನಡೆದು, ತೇರ್ಗಡೆಯಾಗದುದಕ್ಕೆ ಪ್ರವೇಶ ನಿರಾಕರಿಸಬೇಕು. ನೋಂದಾಯಿತ ಮಿತಿಯನ್ನು ಮೀರಿದ ತೂಕಕ್ಕೆ ಸಾಗಣೆ ಬಾಡಿಗೆ ಪಾವತಿಯಾಗಕೂಡದು. ತೂಕದ ಚೀಟಿಗಳ ವಿವರ ಪ್ರತಿ ವಾರ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಮೇಜಿಗೆ ತಲುಪುವಂತೆ ಆದೇಶಿಸಲು ಸಕ್ಕರೆ ನಿರ್ದೇಶಕರೂ ಸಾರಿಗೆ ಆಯುಕ್ತರೂ ಒಂದು ಸಭೆಯಲ್ಲಿ ಕುಳಿತರೆ ಸಾಕು, ಹೊಸ ಕಾಯ್ದೆ ಬೇಕಾಗಿಲ್ಲ. ಮುಂದಿನ ಹಂಗಾಮಿನೊಳಗೆ ಆ ಆದೇಶ ಹೊರಡದಿದ್ದರೆ, ಟೈರು ಸಿಡಿದು ಸಂಭವಿಸುವ ಪ್ರತಿ ಸಾವಿನ ಮೊಕದ್ದಮೆಯಲ್ಲಿ ಅಂದಿನ ತೂಕದ ಚೀಟಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಂತೆ ಪೊಲೀಸರನ್ನೂ ನ್ಯಾಯಾಲಯಗಳನ್ನೂ ನಾವು ಕೋರುತ್ತೇವೆ.