ಮೂತಿ ಉಜ್ಜಿದ್ದು ನನ್ನ ತಪ್ಪಲ್ಲ ಸ್ವಾಮೀ!

"ಬನ್ನಿ ಸಾರ್, ಬನ್ನಿ, ಬನ್ನಿ, ಬನ್ನಿ..." ಅಂತ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಕೈ ಬೀಸ್ತಾನೆ. ನಾನೂ ನಂಬಿಕೊಂಡು ಹೋಗ್ತೀನಿ. ಗರ್ರ್ರ್ ಅಂತ ಸದ್ದು. ಆಮೇಲೆ ನಿಧಾನಕ್ಕೆ, "ಸಾಕು ಸಾರ್" ಅಂತಾನೆ!

ನನ್ನದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಹಳೇ ಸೆಡಾನ್. ನೆಲಕ್ಕೆ ಹತ್ತಿರ, ಒಪ್ಕೋತೀನಿ. ಬೇಸ್‌ಮೆಂಟಿಗೆ ಇಳಿಯುವಾಗ ರ‍್ಯಾಂಪಿನ ಬುಡದಲ್ಲಿ ಮುಂದಿನ ಬಂಪರ್ ಉಜ್ಜುತ್ತೆ, ಬೆಳಿಗ್ಗೆ ಆಫೀಸಿಗೆ ಹೊರಟಾಗ ಅದೇ ಬುಡದಲ್ಲಿ ಇನ್ನೊಂದು ಸಲ. ಬಂಪರಿನ ಕೆಳಗಿನ ಪ್ಲಾಸ್ಟಿಕ್ ಹಲಗೆಯ ಕ್ಲಿಪ್ಪುಗಳು ಎಷ್ಟು ಹೋದವೋ ಲೆಕ್ಕ ಬಿಟ್ಟಿದ್ದೀನಿ. ಆದ್ರೆ ನನಗೆ ನಿಜವಾಗ್ಲೂ ಉರಿಯೋದು ಆ ಸದ್ದು ಕೇಳಿ ಲಿಫ್ಟಿನ ಹತ್ತಿರ ನಿಂತವರು ಹೇಳೋ ಮಾತಿಗೆ. "ಸ್ವಲ್ಪ ನೋಡ್ಕೊಂಡು ಓಡಿಸ್ಬಾರ್ದೇನ್ರೀ?"

ಏನು ನೋಡ್ಕೊಳ್ಳೋದು? ಸ್ಟೀರಿಂಗ್ ಹಿಂದೆ ಕೂತವನಿಗೆ ಬಂಪರಿನ ಗಲ್ಲ ಕಾಣುತ್ಯೇ?

ಹೋದ ವಾರ ಟೇಪು, ಒಂದು ಮೀಟರ್ ಉದ್ದದ ಪಟ್ಟಿ, ನೀರುಮಟ್ಟ ಹಿಡ್ಕೊಂಡು ಕೂತೆ. ರ‍್ಯಾಂಪ್ ನಾಲ್ಕು ಮೀಟರಿಗೆ ಒಂದು ಮೀಟರ್ ಇಳಿಯುತ್ತೆ. ಅಂದ್ರೆ ಹತ್ತಿರ ಹತ್ತಿರ 14 ಡಿಗ್ರಿ. ಹತ್ತೋಕೆ ಹೊರಟಾಗ ಮುಂದಿನ ಚಕ್ರ ರ‍್ಯಾಂಪನ್ನು ಮುಟ್ಟೋ ಹೊತ್ತಿಗೆ ನನ್ನ ಕಾರಿನ ಮೂತಿ ಬುಡದಿಂದ ಸುಮಾರು 80 ಸೆಂ.ಮೀ. ಮುಂದಿರುತ್ತೆ. ಆ ಜಾಗದಲ್ಲಿ ರ‍್ಯಾಂಪಿನ ಎತ್ತರ 20 ಸೆಂ.ಮೀ. ನನ್ನ ಮೂತಿಯ ಎತ್ತರ 19! ಸಾಕ್ಷಾತ್ ಫಾರ್ಮುಲಾ ವನ್ ಡ್ರೈವರನ್ನೇ ಕರ್ಕೊಂಡು ಬನ್ನಿ, ನೇರ ಹತ್ತಿಸಿದ್ರೆ ಉಜ್ಜಲೇಬೇಕು. ಅದೇ ಇಳಿಜಾರು ಎಂಟಕ್ಕೆ ಒಂದು ಇದ್ದಿದ್ರೆ ಅಲ್ಲಿ ಬರೀ 10 ಸೆಂ.ಮೀ. ಇರ್ತಿತ್ತು, ಮೂತಿ ಆರಾಮಾಗಿ ದಾಟ್ತಿತ್ತು.

ಮತ್ಯಾಕೆ ಹೀಗೆ ಕಟ್ಟಿದ್ರು ಅಂತೀರಾ? 3 ಮೀಟರ್ ಆಳಕ್ಕೆ ಇಳಿಯೋಕೆ ಎಂಟಕ್ಕೊಂದರ ಲೆಕ್ಕದಲ್ಲಿ 24 ಮೀಟರ್ ಜಾಗ ಬೇಕು, ನಾಲ್ಕಕ್ಕೊಂದಾದ್ರೆ 12 ಸಾಕು. ಉಳಿದ 12 ಮೀಟರಲ್ಲಿ ನಾಲ್ಕು ಕಾರು ಸಾಲಾಗಿ ನಿಲ್ಲುತ್ವೆ. ಆ ನಾಲ್ಕು ಪಾರ್ಕಿಂಗನ್ನು ಯಾರೋ ಮಾರಿಕೊಂಡ್ರು. ಅದರ ಬಡ್ಡಿ ನನ್ನ ಬಂಪರ್ ಕಟ್ತಾ ಇದೆ.

(ರಸ್ತೆ ಉಬ್ಬಿಗೂ ಅಳತೆ ಇದೆ ಗೊತ್ತಾ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋದು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬೀದಿಯದ್ದು ಒಂದು ಮೊಳ ಅಗಲ ಇದ್ರೆ ಹೆಚ್ಚು. ಅದರ ಬಗ್ಗೆ ಇನ್ನೊಂದು ಸಲ ಬೈತೀನಿ.)

ಉಪಾಯಗಳಿಲ್ಲ ಅಂತಲ್ಲ. ಇಳಿಯುವಾಗ ಬುಡಕ್ಕೆ ಒಂದು ಗಜ ಮುಂಚೆಯೇ ವೇಗ ಕಮ್ಮಿ ಮಾಡಿ ಬ್ರೇಕ್ ಬಿಟ್ಟುಬಿಡಬೇಕು, ಒತ್ತಿ ಹಿಡಿದ್ರೆ ಮೂತಿ ಇನ್ನಷ್ಟು ಬಗ್ಗುತ್ತೆ. ಓರೆಯಾಗಿ ಹೋದ್ರೆ ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಹತ್ತುತ್ತೆ, ಇಳಿಜಾರೂ ಕಮ್ಮಿಯಾದ ಹಾಗೆ. ನಿಲ್ಲಿಸೋ ಜಾಗದಲ್ಲಿ ಕಾಂಕ್ರೀಟ್ ಸ್ಟಾಪರ್ ಇದ್ರೆ ರಿವರ್ಸಲ್ಲಿ ಹೋಗಿ, ಮೂತಿ ಹೊರಗಿರಲಿ. ಇಷ್ಟೂ ಮಾಡ್ತೀನಿ ನಾನು. ಆದ್ರೆ ಓರೆ ಹೋಗೋಕೆ ರ‍್ಯಾಂಪಿನ ಪೂರ್ತಿ ಅಗಲ ಬೇಕು. ಎದುರಿಂದ ಬಂದವರು ಹಾರ್ನ್ ಒತ್ತಿ ಕಣ್ಣು ಬಿಡ್ತಾರೆ. ಮಳೆ ದಿನ ಅಂತೂ ಕೇಳ್ಬೇಡಿ.

ಮೂರನೇ ಮಹಡಿ ಅಂಕಲ್ ಹತ್ತಿರ ಪರಿಹಾರ ರೆಡಿ. "ಎಸ್‌ಯುವಿ ತಗೊಳ್ಳಿ, ಎಲ್ರೂ ಅದನ್ನೇ ತಗೋತಿದಾರೆ." ನಿಜ, ದೇಶದಲ್ಲಿ ಈಗ ಮಾರಾಟವಾಗೋ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥವೇ. ನನ್ನ ತಕರಾರೇ ಅದು. ಕೆಟ್ಟ ರ‍್ಯಾಂಪ್ ಕಟ್ಟಿದ್ದು ಒಬ್ಬ, ಅದಕ್ಕೆ ಹೊಂದಿಕೊಳ್ಳೋಕೆ ಲಕ್ಷಗಟ್ಟಲೆ ಸುರಿಯಬೇಕಾದ್ದು ನಾನು! ಅಂಕಲ್ ಅವರ ಹೊಸ ಗಾಡಿಯ ಬಾನೆಟ್ ನನ್ನ ಎದೆ ಮಟ್ಟ ಇದೆ. ಮೊನ್ನೆ ಸಂಜೆ ಬೇಸ್‌ಮೆಂಟಲ್ಲಿ ನನ್ನ ಮಗಳು ಬಗ್ಗಿ ಸೈಕಲ್ ಚೈನ್ ಹಾಕ್ಕೊಳ್ತಿದ್ಲು, ಅವರು ಗಾಡಿ ಸ್ಟಾರ್ಟ್ ಮಾಡಿದ್ರು. ವಾಚ್‌ಮ್ಯಾನ್ ಬಾನೆಟ್ಟಿಗೆ ಪಟಪಟ ಬಡಿದ. ಈ ಸಲ ಸರಿಯಾದ ಹೊತ್ತಿಗೆ "ಸಾಕು" ಅಂದ, ಪುಣ್ಯಾತ್ಮ. "ಕಾಣಿಸ್ಲೇ ಇಲ್ಲ ಕಣಮ್ಮಾ" ಅಂದ್ರು ಅಂಕಲ್, ಮುಖ ಬಿಳಿಚಿಕೊಂಡಿತ್ತು. ಅವರು ಸುಳ್ಳು ಹೇಳ್ತಿರಲಿಲ್ಲ. ಅವರಿಗೆ "ನೋಡ್ಕೊಂಡು ಓಡಿಸಿ" ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಸರಿ ಮಾಡೋದು ಬ್ರಹ್ಮವಿದ್ಯೆ ಏನಲ್ಲ. ಬುಡದಿಂದ ಮೇಲಕ್ಕೆ ಒಂದು ಮೀಟರ್, ಈಚೆ ನೆಲದ ಮೇಲೆ ಒಂದು ಮೀಟರ್, ಎಂಟಕ್ಕೊಂದರ ಇಳಿಜಾರಿನಲ್ಲಿ ಕಾಂಕ್ರೀಟ್ ತುಂಬಿಸಬೇಕು. ತೀರಾ ದಪ್ಪ ಇರೋ ಕಡೆ ಹನ್ನೆರಡೂವರೆ ಸೆಂ.ಮೀ. ಅಷ್ಟೇ. ಮೇಲಿನ ಬೀಮಿಗೆ ಯಾವ ಗಾಡಿಯ ತಲೆಯೂ ತಾಗಲ್ಲ, ಅಳೆದಿದ್ದೀನಿ. ಬುಡದ ಚರಂಡಿ ಜಾಲರಿಯನ್ನು ಮಾತ್ರ ಮುಂದಕ್ಕೆ ಸರಿಸಬೇಕು, ಖರ್ಚು ಇರೋದೇ ಅಲ್ಲಿ. ಕಮಿಟಿಯವರು "ಒಬ್ಬರಿಗೋಸ್ಕರ ಯಾಕೆ?" ಅಂತಿದಾರೆ. ಒಬ್ಬನೇ ಅಲ್ಲ, ಇನ್ನೂ ಆರು ಕಾರುಗಳ ಕೆಳಗೆ ಮಲಗಿ ನೋಡಿದ್ದೀನಿ, ಆರಕ್ಕೂ ಗಲ್ಲದ ಮೇಲೆ ಅದೇ ಗೀರು. ಮಾಲೀಕರು ಮಾತ್ರ ತಮಗೇ ಡ್ರೈವಿಂಗ್ ಸರಿಯಾಗಿ ಬರಲ್ಲ ಅಂದ್ಕೊಂಡು ನಾಚಿಕೆಯಿಂದ ಸುಮ್ಮನಿದ್ರು.

ಭಾನುವಾರ ಹನ್ನೊಂದಕ್ಕೆ ಮೀಟಿಂಗ್. ಹಾಲ್‌ನಲ್ಲಿ ಬೇಡ, ರ‍್ಯಾಂಪಿನ ಬುಡದಲ್ಲೇ ಮಾಡೋಣ ಅಂತ ನೋಟಿಸ್ ಬೋರ್ಡಲ್ಲಿ ಬರೆದು ಬಂದಿದ್ದೀನಿ. ಅಂಕಲ್ ಬರ್ತೀನಿ ಅಂದಿದಾರೆ. ಟೇಪಿನ ಒಂದು ತುದಿ ಅವರ ಕೈಗೇ ಕೊಡ್ತೀನಿ.